ಒಂದು ಕಿಲೋ ಎಂಟುನೂರ ಅರವತ್ತು ಗ್ರಾಂ

ಹುಳಿಮಾವು ಎಂಬ ಹೆಸರು ಸಂಘಮಿತ್ರಾ ಕಣ್ಣಿಗೆ ಬಿದ್ದದ್ದು ಇಂಗ್ಲಿಷ್ ಪ್ರಬಂಧವೊಂದರ ಕೊನೆಯ ಪುಟದ ಅಡಿಟಿಪ್ಪಣಿಯಲ್ಲಿ. ಅವಳು ಜೆ.ಪಿ. ನಗರದ ಮೂರನೇ ಹಂತದಲ್ಲಿದ್ದ ಒಂದು ಸಣ್ಣ ಸಂಶೋಧನಾ ಸಂಸ್ಥೆಯಲ್ಲಿ ಸಹಾಯಕಿ. ದೇಶದಲ್ಲಿ ನಿರಪೇಕ್ಷ ಬಡತನವನ್ನು, ಎಂದರೆ ಹೊಟ್ಟೆಗೂ ಬಟ್ಟೆಗೂ ಸಾಲದ ಬಡತನವನ್ನು, ಇದುವರೆಗೆ ಯಾರು ಹೇಗೆ ಅಳೆದಿದ್ದಾರೆ ಎಂಬ ಸಂಶೋಧನೆಗಳನ್ನೆಲ್ಲ ಹುಡುಕಿ ಒಂದೆಡೆ ಜೋಡಿಸುವ ಕೆಲಸವನ್ನು ಸಂಸ್ಥೆಯ ಮುಖ್ಯಸ್ಥ ಸೇತುರಾಮ ಅವಳಿಗೆ ಒಪ್ಪಿಸಿದ್ದರು. ಮೂರು ತಿಂಗಳಿಂದ ಅವಳು ಅದರಲ್ಲೇ ಮುಳುಗಿದ್ದಳು. ಎಪ್ಪತ್ತರ ದಶಕದ ಕ್ಯಾಲೊರಿ ಲೆಕ್ಕ, ಆಮೇಲೆ ಒಂದರ ಹಿಂದೊಂದು ಬಂದ ಸಮಿತಿಗಳು, ಒಂದು ಸಮಿತಿ ಬಡವರೆಂದವರನ್ನು ಇನ್ನೊಂದು ಅಲ್ಲವೆಂದದ್ದು, ಎಲ್ಲವನ್ನೂ ಓದಿ ಟಿಪ್ಪಣಿ ಮಾಡುತ್ತಿದ್ದಳು. ಓದಿದಷ್ಟೂ ಅಂಕಿಗಳೇ. ಊರಿನ ಹೆಸರು ಎಲ್ಲೂ ಇರುತ್ತಿರಲಿಲ್ಲ.

ಆ ಅಡಿಟಿಪ್ಪಣಿಯಲ್ಲಿ ಮಾತ್ರ ಇತ್ತು. 1974ರಲ್ಲಿ ಬೆಂಗಳೂರಿನ ದಕ್ಷಿಣಕ್ಕಿದ್ದ ಐದು ಹಳ್ಳಿಗಳಲ್ಲಿ ಮನೆಮನೆಯ ಊಟವನ್ನು ತಕ್ಕಡಿಯಲ್ಲಿ ತೂಗಿ ಮಾಡಿದ ಒಂದು ಸಮೀಕ್ಷೆ. ಐದರಲ್ಲಿ ಒಂದು ಹುಳಿಮಾವು.

ಅದು ಅವಳು ಹುಟ್ಟಿ ಬೆಳೆದ ಊರು. ಈಗ ಊರೆನ್ನುವಂತಿಲ್ಲ. ಬನ್ನೇರುಘಟ್ಟ ರಸ್ತೆಯಿಂದ ಒಳಗೆ ಬಂದರೆ ಅಪಾರ್ಟ್‌ಮೆಂಟು, ಪಿಜಿ, ಸೂಪರ್ ಮಾರ್ಕೆಟ್ಟು. ಅವುಗಳ ಸಂದಿಯಲ್ಲಿ ಹಳೆಯ ಕೇರಿಯ ಮೂವತ್ತು ಮನೆಗಳು. ಅಲ್ಲೊಂದು ಮನೆಯಲ್ಲಿ ಅವಳು, ಬ್ಯಾಂಕಿನಲ್ಲಿ ಅಟೆಂಡರ್ ಆಗಿದ್ದ ತಂದೆ ದೇವರಾಜ್, ಹೊಲಿಗೆ ಮಾಡುವ ತಾಯಿ ಸುಧಾಮಣಿ, ಅಜ್ಜಿ ಸಪ್ಪಲಮ್ಮ. ತಾತ ಬೋರಯ್ಯ ಅವಳು ಶಾಲೆಗೆ ಸೇರುವ ಮೊದಲೇ ತೀರಿಕೊಂಡಿದ್ದ. ದೇವರಾಜ್ ಮದುವೆಗೆ ಮುಂಚೆಯೇ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದರಿಂದ ಮಗಳಿಗೆ ಆ ಹೆಸರು ಬಂದಿತ್ತು. ಅಜ್ಜಿಗೆ ಅದು ಇವತ್ತಿಗೂ ನಾಲಿಗೆಗೆ ಹೊರಳುತ್ತಿರಲಿಲ್ಲ. "ಸಂಗಿ" ಎನ್ನುತ್ತಿದ್ದಳು.

ಮೂಲ ದಾಖಲೆ ಎಲ್ಲಾದರೂ ಸಿಗುತ್ತದೆಯೇ ಎಂದು ಸಂಘಮಿತ್ರಾ ಕೇಳಿದಾಗ ಸೇತುರಾಮ ಎರಡು ದಿನ ಯಾರುಯಾರಿಗೋ ಫೋನ್ ಮಾಡಿ ಒಂದು ನಂಬರ್ ಕೊಟ್ಟರು. ಆ ಸಮೀಕ್ಷೆ ನಡೆಸಿದ ಕಚೇರಿ ಮುಚ್ಚಿ ಮೂವತ್ತು ವರ್ಷವಾಗಿತ್ತು. ಅಲ್ಲಿ ಕೆಲಸ ಮಾಡಿದವರಲ್ಲಿ ಒಬ್ಬರು, ಶಂಭುಲಿಂಗಪ್ಪ ಎಂಬವರು, ಬನಶಂಕರಿ ಎರಡನೇ ಹಂತದಲ್ಲಿದ್ದಾರಂತೆ.

ಹೋದಳು. ಎಪ್ಪತ್ತೇಳು ದಾಟಿದ, ತೆಳ್ಳಗಿನ, ಇಸ್ತ್ರಿ ಮಾಡಿದ ಅಂಗಿಯ ಮುದುಕ ಬಾಗಿಲು ತೆಗೆದರು. ಹೆಂಡತಿ ಇಲ್ಲ, ಮಗಳು ಪಕ್ಕದ ರಸ್ತೆಯಲ್ಲೇ ಇದ್ದಾಳೆ, ಊಟ ಅಲ್ಲಿಂದ ಬರುತ್ತದೆ ಎಂದು ತಾವಾಗಿಯೇ ಹೇಳಿದರು. ಬಂದ ಕಾರಣ ಕೇಳಿಸಿಕೊಂಡರು. ಆಮೇಲೆ ಒಳಗಿನ ಕೋಣೆಗೆ ಕರೆದೊಯ್ದು ಮಂಚದ ಕೆಳಗಿನ ತಗಡಿನ ಟ್ರಂಕನ್ನು ತೋರಿಸಿದರು.

"ಎಳೀರಿ ಮೇಡಂ, ನನ್ ಕೈಲಿ ಆಗಲ್ಲ. ಆಫೀಸ್ ಮುಚ್ಚುವಾಗ ಇದನ್ನೆಲ್ಲ ರದ್ದಿಗೆ ಹಾಕ್ತಿದ್ರು. ಕಾರ್ಬನ್ ಪ್ರತಿ, ಯಾರಿಗೂ ಬೇಡ. ನಾನು ಆಟೋಲಿ ಹಾಕ್ಕೊಂಡು ಬಂದ್ಬಿಟ್ಟೆ."

"ಎಲ್ಲಾ ಊರಿಂದೂ ಇದ್ಯಾ ಸಾರ್?"

"ಐದೂ ಇದೆ. ನಿಮಗೆ ಯಾವ್ದು ಬೇಕು?"

"ಮೊದ್ಲು ಹುಳಿಮಾವು. ನಾನು ಅಲ್ಲಿಯವಳೇ."

ಅವರು ಅವಳನ್ನು ನೋಡಿದರು. "ಹುಳಿಮಾವಲ್ಲಿ ಎಲ್ಲಿ?"

ಆ ಪ್ರಶ್ನೆ ಅವಳಿಗೆ ಬದುಕಿನಲ್ಲಿ ಬಹಳ ಸಲ ಎದುರಾಗಿತ್ತು. ಅದರ ಹಿಂದೆ ಏನಿರುತ್ತದೆಂದು ಗೊತ್ತಿತ್ತು. "ಕೇರಿ" ಎಂದಳು, ನೇರವಾಗಿ.

ಶಂಭುಲಿಂಗಪ್ಪ ದಾರ ಕಟ್ಟಿದ್ದ ಕಟ್ಟೊಂದನ್ನು ಹುಡುಕಿ ಅವಳ ಕೈಗಿಟ್ಟು, "ಓದಿ ವಾಪಸ್ ತಂದ್ಕೊಡಮ್ಮ, ಅವಸರ ಏನಿಲ್ಲ" ಎಂದರು. ಮೇಡಂ ಎನ್ನುವುದನ್ನು ಯಾವಾಗ ಬಿಟ್ಟರೋ ಅವಳಿಗೆ ತಿಳಿಯಲಿಲ್ಲ.

ಮರುದಿನ ಕಚೇರಿಯ ಕಿಟಕಿಯ ಪಕ್ಕ ಕೂತು ಕಟ್ಟು ಬಿಚ್ಚಿದಳು. ಇಪ್ಪತ್ನಾಲ್ಕು ಮನೆ, ಮನೆಗೊಂದು ಫಾರಂ. ನೀಲಿ ಕಾರ್ಬನ್ ಅಲ್ಲಲ್ಲಿ ಹರಡಿತ್ತಾದರೂ ಅಕ್ಷರ ದುಂಡಗಿತ್ತು. ಮನೆಯ ಯಜಮಾನ, ಹೆಂಡತಿ, ಮಕ್ಕಳು, ವಯಸ್ಸು, ಅವತ್ತು ಅಡಿಗೆಗೆ ಇಟ್ಟುಕೊಂಡಿದ್ದ ಸಾಮಾನಿನ ತೂಕ, ಕೆಳಗೆ ಲೆಕ್ಕ. ಮಗುವನ್ನು ಅರ್ಧ ಆಳೆಂದು, ಕೂಸನ್ನು ಕಾಲು ಆಳೆಂದು ಹಿಡಿದು, ಆಳೊಂದಕ್ಕೆ ದಿನಕ್ಕೆ ಎಷ್ಟು ಕ್ಯಾಲೊರಿ ಸಿಕ್ಕಿತೆಂದು ಬರೆದಿದ್ದರು. 2,400 ಸಿಕ್ಕರೆ ಸಾಕು. ಕಡಿಮೆಯಾದರೆ ಕೊರತೆಯ ಮನೆ.

ಹದಿನಾಲ್ಕನೆಯ ಫಾರಂ ತೆಗೆದಾಗ ಅವಳ ಕೈ ನಿಂತಿತು.

ಯಜಮಾನ: ಬೋರಯ್ಯ, 28, ಕೂಲಿ. ಹೆಂಡತಿ: ಸಪ್ಪಲಮ್ಮ, 22, ಕೂಲಿ. ಗಂಡು: ದೇವರಾಜ, ಒಂದು ವರ್ಷ. ಅದರ ಮೇಲಿನ ಸಾಲಿನಲ್ಲಿ, ಹೆಣ್ಣು: ಕೆಂಚವ್ವ, ನಾಲ್ಕು ವರ್ಷ.

ಅಪ್ಪನಿಗೆ ಅಕ್ಕನೊಬ್ಬಳಿದ್ದಳೆಂದು ಯಾರೂ ಯಾವತ್ತೂ ಹೇಳಿರಲಿಲ್ಲ.

ಅವಳು ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ಕೂತಳು. ರಾಗಿ ಹಿಟ್ಟು 1,860 ಗ್ರಾಂ. ಅವರೆಬೇಳೆ 80 ಗ್ರಾಂ. ಆಳೊಂದಕ್ಕೆ 2,408 ಕ್ಯಾಲೊರಿ. ಷರಾ: ಕೊರತೆ ಇಲ್ಲ. ಅಜ್ಜಿ ಆ ಕಾಲದ ಬಗ್ಗೆ ಹೇಳುತ್ತಿದ್ದದ್ದು ಇದಲ್ಲ. ಅವಳು ಹೇಳುತ್ತಿದ್ದದ್ದೇ ಕಡಿಮೆ. ಹೇಳಿದಾಗಲೆಲ್ಲ ಗಂಜಿ, ಸೊಪ್ಪು, ಇನ್ನೊಬ್ಬರ ಹೊಲದಲ್ಲಿ ಆಯ್ದ ತೆನೆ. ಎರಡು ಕಿಲೋಕ್ಕೆ ಹತ್ತಿರ ಹಿಟ್ಟು ಆ ಮನೆಗೆ, ಹೊಸ ಬೆಳೆ ಇನ್ನೂ ಬಾರದ ಜೂನ್ ತಿಂಗಳಲ್ಲಿ, ಎಲ್ಲಿಂದ ಬಂತು?

ಹಿಂದಿನ ಫಾರಂ ತಿರುವಿದಳು. ಹದಿಮೂರು: ರಾಗಿ ಹಿಟ್ಟು 1,860, ಅವರೆಬೇಳೆ 80. ಹನ್ನೆರಡು: 1,860, 80. ಹನ್ನೊಂದು: 1,860, 80. ನಾಲ್ಕೂ ಕೇರಿಯ ಮನೆಗಳು, ಒಂದೇ ದಿನ, ಒಂದರ ಹಿಂದೊಂದು ತೂಗಿದವು. ಒಂದರಲ್ಲಿ ಮೂರು ಜನ, ಒಂದರಲ್ಲಿ ಏಳು. ತೂಕ ಮಾತ್ರ ಗ್ರಾಮಿಗೆ ಗ್ರಾಂ ಸಮ.

ಅದು ಒಂದೇ ಹಿಟ್ಟೆಂದು ತಿಳಿಯಲು ಹೆಚ್ಚು ಓದಿರಬೇಕಾಗಿರಲಿಲ್ಲ.

ಭಾನುವಾರ ಮಧ್ಯಾಹ್ನ ಅಮ್ಮ ಬಟ್ಟೆ ಕೊಡಲು ಅರೆಕೆರೆಗೆ ಹೋಗಿದ್ದಳು. ಅಪ್ಪ ಹೊರಗೆ ಸ್ಕೂಟರ್ ಒರೆಸುತ್ತಿದ್ದ. ಅಜ್ಜಿ ನಡುಮನೆಯಲ್ಲಿ ಕಾಲು ಚಾಚಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಸಂಘಮಿತ್ರಾ ಪಕ್ಕದಲ್ಲಿ ಕೂತು ತಾನೂ ನಾಲ್ಕು ಕಡ್ಡಿ ಬಿಡಿಸಿದಳು. ಹೇಗೆ ಶುರು ಮಾಡಬೇಕೆಂದು ಬೆಳಗಿನಿಂದ ಯೋಚಿಸಿದ್ದೆಲ್ಲ ಮರೆತುಹೋಗಿತ್ತು.

"ಅಜ್ಜಿ, ಕೆಂಚವ್ವ ಅಂದ್ರೆ ಯಾರು?"

ಅಜ್ಜಿಯ ಕೈ ನಿಲ್ಲಲಿಲ್ಲ. "ನಿಮ್ ತಾತನ ಅವ್ವ. ಸತ್ತು ಯಾವ ಕಾಲ ಆಯ್ತು."

"ಅವ್ರಲ್ಲ. ನಾಕ್ ವರ್ಷದ ಮಗು."

ಸಪ್ಪಲಮ್ಮ ಸೊಪ್ಪಿನ ಕಡ್ಡಿಯನ್ನು ಮೊರದಲ್ಲಿಟ್ಟಳು. "ಆ ಹೆಸ್ರು ನಿಂಗೆ ಎಲ್ಲಿ ಸಿಕ್ತು?"

ಸಂಘಮಿತ್ರಾ ಹೇಳಿದಳು. ಆಗ ಊರಿಗೆ ಬಂದಿದ್ದವರು ಬರೆದುಕೊಂಡು ಹೋದ ಕಾಗದ ಸಿಕ್ಕಿದೆ, ಅದರಲ್ಲಿ ಮನೆಯವರ ಹೆಸರೆಲ್ಲ ಇದೆ ಎಂದಳು. ಹೊರಗೆ ಸ್ಕೂಟರ್ ಒರೆಸುವ ಸದ್ದು ನಿಂತದ್ದು ಸಂಘಮಿತ್ರಾ ಗಮನಕ್ಕೆ ಬಂತು.

"ತೂಕ ಮಾಡಕ್ಕೆ ಬಂದವ್ರು" ಎಂದಳು ಸಪ್ಪಲಮ್ಮ. "ಜೀಪಲ್ಲಿ ಮೂರ್ ಜನ ಬಂದ್ರು. ಹೋಗುವಾಗ ಒಬ್ನ ಬಿಟ್ಟು ಹೋದ್ರು. ಹಿಂದಿನ್ ದಿವ್ಸ ಸಂಜೆಗೆ ಪಟೇಲ್ರು ಚಿಕ್ಕಬೈರಪ್ಪ ಹೇಳ್ ಕಳ್ಸಿದ್ರು. ನಾಳೆ ಸಿಟಿಯಿಂದ ಆಫೀಸರ್‌ಗಳು ಬತ್ತಾರೆ, ನಮ್ಮೂರಲ್ಲಿ ಉಪವಾಸ ಅನ್ನೋ ಮಾತು ಬರಕೂಡ್ದು, ಹಿತ್ಲಿಗೆ ಬಂದು ಹಿಟ್ಟು ಈಸ್ಕೊಂಡು ಹೋಗಿ, ತೋರ್ಸಿ, ವಾಪಸ್ ತಂದಿಡಿ ಅಂತ. ಅವ್ರ ಸೊಸೆ ನಾರಾಯಣಮ್ಮ ಆಗ ಹೊಸ್ದಾಗಿ ಮದ್ವೆ ಆಗ್ ಬಂದಿದ್ಲು. ಅವ್ಳೇ ಪಾವಲ್ಲಿ ಅಳ್ದು ತಪ್ಪಲೆಗೆ ಹಾಕ್ಕೊಟ್ಲು, ಜೊತೆಗೆ ಒಂದ್ ಹಿಡಿ ಬೇಳೆ."

"ಮನೆಗೆ ಬಂದು ತೂಗಿದ್ರೆ ಗೊತ್ತಾಗ್ತಿತ್ತಲ್ಲ, ಒಂದೇ ತಪ್ಪಲೆ ಅಂತ."

"ಮನೆಗೆ ಯಾರು ಬತ್ತಾರೆ ಮಗ. ಊರ ಬಾಗ್ಲಲ್ಲಿ ಹೊಂಗೆ ಮರ ಇತ್ತಲ್ಲ, ಅದ್ರ ಕೆಳಗೆ ಕುರ್ಚಿ ಹಾಕ್ಕೊಂಡು ಕೂತ್ರು. ಒಬ್ಬೊಬ್ರೇ ತಗೊಂಡು ಬನ್ನಿ ಅಂದ್ರು. ಒಬ್ರು ತೂಗ್ಸಿ ಹಿಂದ್ಗಡೆಯಿಂದ ಬಂದು ಇನ್ನೊಬ್ರಿಗೆ ಕೊಡೋದು. ನಮ್ದೇ ಕೊನೆ ಮನೆ."

ಹೊಂಗೆ ಮರವಿದ್ದ ಜಾಗದಲ್ಲಿ ಈಗ ಪಟೇಲರ ಮೊಮ್ಮಗ ಲಿಖಿತ್ ಕಟ್ಟಿಸಿದ ಐದಂತಸ್ತಿನ ಪಿಜಿ ಇದೆ. ನಾರಾಯಣಮ್ಮ ಅದರ ಕೆಳಮನೆಯಲ್ಲಿದ್ದಾಳೆ. ತರಕಾರಿ ಗಾಡಿಯ ಹತ್ತಿರ ಇಬ್ಬರು ಮುದುಕಿಯರೂ ಎದುರಾದರೆ ಮಂಡಿನೋವಿನ ಬಗ್ಗೆ ಮಾತಾಡುವುದನ್ನು ಸಂಘಮಿತ್ರಾ ಎಷ್ಟೋ ಸಲ ನೋಡಿದ್ದಳು.

"ಕೆಂಚಿ ನನ್ ಸೆರಗು ಹಿಡ್ಕೊಂಡು ಬಂದಿದ್ಲು. ತಕ್ಕಡಿಗೆ ಹಿಟ್ಟು ಸುರ್ದಾಗ ನೋಡಿ, ಅವ್ವ ಇವತ್ತು ಮುದ್ದೆ ಅಂದ್ಲು. ಬರ್ಕೊಳೋ ಅಪ್ಪ ನಗಾಡ್ದ. ಏನ್ ಸಾರು ಪುಟ್ಟಿ ಅಂತ ಕೇಳ್ದ. ಕೋಳಿ ಸಾರು ಅಂದ್ಲು ಅದು. ಅದ್ಕೆ ಯಾರ್ ಹೇಳ್ಕೊಟ್ಟಿದ್ರೋ."

ಸಪ್ಪಲಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಕಣ್ಣು ಒಣಗಿಯೇ ಇತ್ತು.

"ಅವ್ರು ಹೋದ್ಮೇಲೆ ತಪ್ಪಲೆ ತಗೊಂಡು ಪಟೇಲ್ರ ಹಿತ್ಲಿಗೆ ಹೊರಟೆ. ಇದು ಅಳ್ತಾ ಹಿಂದೇನೇ ಬಂತು. ಅವ್ವ ಮನೆ ಈ ಕಡೆ, ಅವ್ವ ಮನೆ ಈ ಕಡೆ ಅಂತ. ದಾರೀಲಿ ಯಾರೂ ಇರ್ಲಿಲ್ಲ. ಒಂದ್ ಹಿಡಿ ತೆಗ್ದು ಸೆರಗಲ್ಲಿ ಕಟ್ಕೋಬೋದಿತ್ತು. ಪಾವಲ್ಲಿ ಅಳ್ದು ಕೊಟ್ಟವ್ಳೆ, ಅಳ್ದೇ ತಗೋತಾಳೆ, ಕಮ್ಮಿ ಬಂದ್ರೆ ನಾಳೆಯಿಂದ ನಿಮ್ ತಾತಂಗೆ ಕೂಲಿ ತಪ್ತದೆ ಅಂತ ಹೆದ್ರಿಕೆ. ತೆಗೀಲಿಲ್ಲ." ಮೊರದ ಅಂಚು ಸವರಿದಳು. "ನಾರಾಯಣಮ್ಮ ಅಳ್ದು ನೋಡ್ಲೇ ಇಲ್ಲ ಸಂಗಿ. ಹಂಗೇ ಮಡಕೆಗೆ ಸುರ್ಕೊಂಡ್ಲು."

ಸಂಘಮಿತ್ರಾಗೆ ನಾಲ್ಕು ಫಾರಂಗಳ ನಾಲ್ಕು ಅಂಕಿ ಕಣ್ಣ ಮುಂದೆ ಬಂತು. ನಾಲ್ಕು ಮನೆ ದಾಟಿ ಬಂದ ಹಿಟ್ಟು. ನಾಲ್ಕೂ ಮನೆಯಲ್ಲಿ ಮಕ್ಕಳಿದ್ದವು. ಒಬ್ಬರೂ ಒಂದು ಚಿಟಿಕೆ ತೆಗೆದಿರಲಿಲ್ಲ. ತೆಗೆದಿದ್ದರೆ ತಕ್ಕಡಿ ಹೇಳುತ್ತಿತ್ತು.

"ಅವತ್ತು ಏನ್ ತಿಂದ್ರಿ?"

"ಹೊನಗನೆ ಸೊಪ್ಪು ಬೇಯ್ಸಿ ಉಪ್ಪು ಹಾಕ್ದೆ." ಅಜ್ಜಿ ಮೊರವನ್ನು ದೂರ ಸರಿಸಿದಳು. "ಆಷಾಢ ಮುಗಿಯೋ ಹೊತ್ಗೆ ಮಗೀಗೆ ಭೇದಿ ಹಿಡೀತು. ಎಲ್ಲಾ ಮಕ್ಳಿಗೂ ಆಯ್ತು. ಉಂಡವು ಎದ್ಕೊಂಡ್ವು. ಇದ್ರ ಮೈಯಲ್ಲಿ ಏನೂ ಇರ್ಲಿಲ್ಲ. ಮೂರನೇ ದಿವ್ಸಕ್ಕೆ ಹೋಯ್ತು. ನಿಮ್ ತಾತ, ಅದ್ರ ಹೆಸ್ರು ಇನ್ ಎತ್ಬ್ಯಾಡ ಅಂದ್ರು. ಎತ್ಲಿಲ್ಲ."

ಬಾಗಿಲಲ್ಲಿ ದೇವರಾಜ್ ಒರೆಸುವ ಬಟ್ಟೆ ಹಿಡಿದು ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಯಾರ ಮುಖವನ್ನೂ ನೋಡದೆ ಮತ್ತೆ ಹೊರಗೆ ಹೋದ.

ಸೋಮವಾರ ಸಂಘಮಿತ್ರಾ ಸೇತುರಾಮರ ಮುಂದೆ ನಾಲ್ಕು ಫಾರಂಗಳನ್ನು ಹರವಿ ಎಲ್ಲವನ್ನೂ ಹೇಳಿದಳು. ಅವರು ಕೆಟ್ಟ ಮನುಷ್ಯರಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೊನೆಯವರೆಗೆ ಕೇಳಿದರು.

"ನೋಡಮ್ಮ, ಇದು ನಿನ್ನ ಮನೆ ವಿಷಯ ಅಂತ ನಂಗೆ ಅರ್ಥ ಆಗತ್ತೆ. ಆದ್ರೆ ದೇಶದ ಬಡತನದ ಗೆರೆ ಈ ಐದು ಹಳ್ಳಿ ಮೇಲೆ ನಿಂತಿಲ್ಲ. ದೊಡ್ಡ ಸ್ಯಾಂಪಲ್ ಬೇರೆ ಇತ್ತು."

"ಅಲ್ಲೂ ಹಿಂಗೇ ತೂಗಿರಬೋದಲ್ಲ ಸಾರ್."

"ಇರಬೋದು. ಅದನ್ನ ನಾವು ಸಾಬೀತು ಮಾಡಕ್ಕಾಗಲ್ಲ." ಅವರು ಕನ್ನಡಕ ಹಾಕಿಕೊಂಡರು. "ನಾಲ್ಕು ಕುಟುಂಬಗಳ ಮಾಹಿತಿ ವಿಶ್ವಾಸಾರ್ಹವಲ್ಲ, ಕೈಬಿಡಲಾಗಿದೆ ಅಂತ ಒಂದು ಸಾಲು ಹಾಕು. ಅವನ್ನ ಬಿಟ್ಟು ಸರಾಸರಿ ಮತ್ತೆ ತೆಗಿ."

ತನ್ನ ಜಾಗಕ್ಕೆ ಬಂದು ಆ ಸಾಲನ್ನು ಟೈಪ್ ಮಾಡಿದಳು. ವಿಶ್ವಾಸಾರ್ಹವಲ್ಲ. ಓದಿದವರು ಆ ನಾಲ್ಕು ಮನೆಯವರು ಸುಳ್ಳುಗಾರರೆಂದೇ ತಿಳಿಯುತ್ತಾರೆ. ಕೈಬಿಟ್ಟರೆ ಕೆಂಚವ್ವನೂ ಹೋಗುತ್ತಾಳೆ. ಫೋಟೋ ಇಲ್ಲ, ಜನನ ಪತ್ರವಿಲ್ಲ, ಮರಣ ಪತ್ರವಿಲ್ಲ. ಭೂಮಿಯ ಮೇಲೆ ಆ ಮಗುವಿನ ಹೆಸರು ಬರೆದಿದ್ದದ್ದು ಈ ಕಾರ್ಬನ್ ಕಾಗದದಲ್ಲಿ ಮಾತ್ರ, ಅದೂ ಉಣ್ಣದ ಊಟದ ಮೇಲೆ.

ಆದರೂ ಲೆಕ್ಕ ಮಾಡಿದಳು. ಮಾಡಬಾರದಿತ್ತೆಂದು ಆಮೇಲೆ ಅನಿಸಿತು. ಕಟ್ಟಿನ ಕೊನೆಯ ಹಾಳೆಯಲ್ಲಿ ಐದು ಹಳ್ಳಿಗಳ ಪಟ್ಟಿಯಿತ್ತು, ಕೊರತೆ ಹೆಚ್ಚಿರುವ ಕ್ರಮದಲ್ಲಿ. ಮೊದಲ ಎರಡು ಊರುಗಳ ಮುಂದೆ ಕೆಂಪು ಗುರುತು, ಅದರ ಕೆಳಗೆ ಬರಹ: ಜುಲೈ ಒಂದರಿಂದ ಮಕ್ಕಳ ಆಹಾರ ಕೇಂದ್ರ, ಹಾಲಿನ ಪುಡಿ ಮತ್ತು ಉಪ್ಪಿಟ್ಟು. ಹುಳಿಮಾವು ಮೂರನೆಯದು. ನಾಲ್ಕು ಮನೆಗಳನ್ನು ತೆಗೆದು ಸರಾಸರಿ ಹಾಕಿದಾಗ ಹುಳಿಮಾವು ಪಟ್ಟಿಯ ತಲೆಗೆ ಹೋಗಿ ನಿಂತಿತು. ಅವಳು ಮೂರು ಸಲ ಲೆಕ್ಕ ಮಾಡಿದಳು. ಮೂರು ಸಲವೂ ಅದೇ ಬಂತು. ಇದನ್ನು ಅಜ್ಜಿಗೆ ಹೇಳಬಾರದೆಂದು ತೀರ್ಮಾನಿಸಿದಳು.

ಕಟ್ಟನ್ನು ವಾಪಸ್ ಕೊಡಲು ಬನಶಂಕರಿಗೆ ಹೋದಾಗ ಶಂಭುಲಿಂಗಪ್ಪ ಅವಳ ದಾರಿಯನ್ನೇ ಕಾಯುತ್ತಿದ್ದಂತೆ ಗೇಟಿನ ಬಳಿ ಕುರ್ಚಿ ಹಾಕಿಕೊಂಡಿದ್ದರು.

"ನೋಡ್ದ್ಯಾ?" ಎಂದು ಕೇಳಿದರು.

"ನೋಡಿದೆ ಸಾರ್. ಹನ್ನೊಂದರಿಂದ ಹದಿನಾಲ್ಕು."

ಅವರು ತಲೆಯಾಡಿಸಿದರು. "ಎರಡನೇ ಮನೇದು ತೂಗುವಾಗ್ಲೇ ಗೊತ್ತಾಯ್ತು. ತಪ್ಪಲೆ ಕಂಠದಲ್ಲಿ ಒಂದು ನೆಗ್ಗು ಇತ್ತು. ಮೂರನೇ ಸಲಕ್ಕೆ ತಕ್ಕಡಿ ಮುಳ್ಳು ನೋಡೋ ಅವಶ್ಯಕತೆನೇ ಇರ್ಲಿಲ್ಲ."

"ಹದಿನಾಲ್ಕನೇದು ನಮ್ ಮನೆ. ಸಪ್ಪಲಮ್ಮ ನಮ್ಮಜ್ಜಿ."

ಮುದುಕ ಕುರ್ಚಿಯ ಕೈ ಹಿಡಿದುಕೊಂಡರು. "ಒಂದು ಮಗು ಇತ್ತಲ್ಲಮ್ಮ" ಎಂದರು. "ಕೋಳಿ ಸಾರು ಅಂದಿತ್ತು."

"ಆ ಆಷಾಢದಲ್ಲೇ ತೀರಿಕೊಂಡ್ಲಂತೆ."

ರಸ್ತೆಯಲ್ಲಿ ಗ್ಯಾಸ್ ಸಿಲಿಂಡರಿನ ಗಾಡಿ ಹೋಯಿತು.

"ನಿಮ್ಮಜ್ಜಿ ಹತ್ರ ನಾನೊಂದ್ಸಲ ಬರ್ಬೋದಾ?" ಎಂದು ಕೇಳಿದರು ಶಂಭುಲಿಂಗಪ್ಪ. "ಬೇಡ ಅಂದ್ರೆ ಬೇಡ."

ಅಜ್ಜಿಯನ್ನು ಕೇಳಿದಾಗ ಅವಳು ಬರಲಿ ಎಂದಳು.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಅವರು ಆಟೋದಲ್ಲಿ ಬಂದಿಳಿದರು. ಸುಧಾಮಣಿ ಒಳಗೆ ಕರೆದು ಕುರ್ಚಿ ಕೊಟ್ಟಳು. ಅವರು ಹೊಸಿಲ ಬಳಿ ಒಂದು ಗಳಿಗೆ ತಡೆದು, ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ಸಪ್ಪಲಮ್ಮ ಎದುರಿಗೆ ಚಾಪೆಯ ಮೇಲೆ ಗೋಡೆಗೊರಗಿದ್ದಳು. ಯಾರು ಬಂದರೂ ಮೊದಲು ಕಾಫಿ ಎನ್ನುವ ಅಜ್ಜಿ ಅವತ್ತು ಕಾಫಿಯ ಮಾತೆತ್ತಲಿಲ್ಲ. ದೇವರಾಜ್ ಕಿಟಕಿಯ ಪಕ್ಕ ನಿಂತಿದ್ದ.

ಶಂಭುಲಿಂಗಪ್ಪ ಕೈ ಮುಗಿದರು. "ಅವತ್ತು ತೂಗಕ್ಕೆ ಬಂದಿದ್ದವನು ನಾನೇ ಅಮ್ಮ."

"ಕೂದ್ಲು ಗುಂಗ್ರು ಇತ್ತು ನಿಮ್ದು" ಎಂದಳು ಸಪ್ಪಲಮ್ಮ.

"ಹೌದು."

"ಒಂದೇ ಹಿಟ್ಟು ಅಂತ ನಿಮಗೆ ಗೊತ್ತಿತ್ತಂತೆ. ಈ ಹುಡ್ಗಿ ಹೇಳ್ತು."

"ಗೊತ್ತಿತ್ತು."

"ಗೊತ್ತಿದ್ದೂ ಬರ್ಕೊಂಡ್ರಾ ಸಾಮಿ?"

ಮುದುಕ ಉತ್ತರವನ್ನು ಹುಡುಕಲಿಲ್ಲ. ಅದು ಎಷ್ಟೋ ವರ್ಷದಿಂದ ಅವರ ಬಳಿ ಸಿದ್ಧವಾಗಿಯೇ ಇದ್ದಂತಿತ್ತು. "ಸುಳ್ಳು ಅಂತ ಬರೆದಿದ್ರೆ ನಾಲ್ಕು ಮನೆ ಮತ್ತೆ ತೂಗ್ಬೇಕಿತ್ತು. ಅಡಿಗೆ ಮನೆ ಒಳಗೆ ಕೂತು ನೋಡ್ಬೇಕಿತ್ತು. ಜೀಪು ಬಿಟ್ಟು ಹೋಗಿತ್ತು, ನಾಲ್ಕೂವರೆಗೆ ಕೊನೇ ಬಸ್ಸು. ಪಟೇಲರು ಮನೇಲಿ ಊಟ ಹಾಕ್ಸಿದ್ರು. ನಿಮ್ಮ ಮನೆಗಳ ಒಳಗೆ ಬರಕ್ಕೆ..." ಅಲ್ಲಿಗೆ ನಿಲ್ಲಿಸಿ, ಮತ್ತೆ ತಾವೇ ಮುಗಿಸಿದರು. "ಬರಕ್ಕೆ ಮನಸ್ಸಿರ್ಲಿಲ್ಲ. ಬೇರೆ ಕಾರಣ ಇಲ್ಲ ಅಮ್ಮ."

ಸಪ್ಪಲಮ್ಮ ತಲೆಯಾಡಿಸಿದಳು. ಗೊತ್ತಿದ್ದದ್ದನ್ನೇ ಕೇಳಿದವಳಂತೆ. ಆಮೇಲೆ ಸಂಘಮಿತ್ರಾ ಹೆದರುತ್ತಿದ್ದ ಮಾತು ಅವಳ ಬಾಯಿಂದ ಬಂತು.

"ಆಗ ಅಂತಿದ್ರು, ಯಾವ್ ಊರಲ್ಲಿ ಉಣ್ಣಕ್ಕಿಲ್ವೋ ಆ ಊರಿಗೆ ಮಕ್ಳಿಗೆ ಹಾಲು ಕೊಡ್ತಾರೆ ಅಂತ. ಬೇಗೂರ್ ಕಡೆ ಯಾವ್ದೋ ಊರಲ್ಲಿ ಕೊಟ್ರಂತೆ. ನಾನು ಅವತ್ತು ಬಾಯ್ಬಿಟ್ಟು ಇಲ್ಲ ಅಂದಿದ್ರೆ, ನಮ್ಮೂರಿಗೂ ಬತ್ತಿತ್ತಾ?"

ಶಂಭುಲಿಂಗಪ್ಪ ಸಂಘಮಿತ್ರಾ ಕಡೆ ನೋಡಿದರು. ಕಟ್ಟಿನ ಕೊನೆಯ ಹಾಳೆ ಅವರಿಗೂ ಗೊತ್ತಿತ್ತು. ತಲೆ ತಗ್ಗಿಸಿ ಹೇಳಿದರು: "ಇಲ್ಲ ಅಮ್ಮ. ಏನೂ ಬದಲಾಗ್ತಿರ್ಲಿಲ್ಲ."

ಸಪ್ಪಲಮ್ಮ ಅವರನ್ನು ನೋಡುತ್ತಲೇ ಇದ್ದಳು. "ಅವತ್ತೂ ಹಿಂಗೇ ತಲೆ ಬಗ್ಗಿಸ್ಕೊಂಡು ಬರ್ಕೊಂಡೆ ಕಣಪ್ಪ ನೀನು" ಎಂದಳು. ಸಾಮಿ ಹೋಗಿ ನೀನು ಆಗಿತ್ತು. ಆದರೆ ದನಿಯಲ್ಲಿ ಸಿಟ್ಟಿರಲಿಲ್ಲ. ಮೊಮ್ಮಗಳ ಕಡೆ ತಿರುಗಿದಳು. "ನೀನು ಓದಿದ್ಯಲ್ಲ. ನೀನ್ ಹೇಳು ಸಂಗಿ."

ಇಲ್ಲ ಎನ್ನುವುದು ಸುಲಭವಿತ್ತು. ಅಪ್ಪ ಕಿಟಕಿಯಿಂದ ತಿರುಗಿ ಅವಳನ್ನೇ ನೋಡುತ್ತಿದ್ದ. ಇಡೀ ಐವತ್ತು ವರ್ಷ ಎಲ್ಲರೂ ಅಜ್ಜಿಗೆ ಏನು ತೋರಿಸಬೇಕು, ಏನು ಮುಚ್ಚಬೇಕು ಎಂದು ಹೇಳಿದವರೇ.

"ಬರ್ತಿತ್ತು ಅಜ್ಜಿ" ಎಂದಳು. "ನಮ್ಮೂರಿಗೇ ಮೊದ್ಲು ಬರ್ತಿತ್ತು. ಆದ್ರೆ ನೀನೊಬ್ಳು ಹೇಳಿದ್ರೆ ಅಲ್ಲ. ನಾಲ್ಕು ಮನೇದೂ ಇವರು ಸರಿಯಾಗಿ ಬರ್ದಿದ್ರೆ."

ಕೊನೆಯ ಮಾತು ಅಜ್ಜಿಗೆ ಕೇಳಿಸಿತೋ ಇಲ್ಲವೋ. ಸಪ್ಪಲಮ್ಮ "ಹ್ಞೂ" ಎಂದಳು. ಗೋಡೆ ಹಿಡಿದು ಎದ್ದಳು. ಸುಧಾಮಣಿ ಕೈ ಕೊಡಲು ಹೋದರೆ ಬೇಡವೆಂದು ಒಳಕೋಣೆಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ಕಾಲು ಗಂಟೆ ಕಾದು ಶಂಭುಲಿಂಗಪ್ಪ ಎದ್ದರು. ಸಂಘಮಿತ್ರಾ ಅವರನ್ನು ಬನ್ನೇರುಘಟ್ಟ ರಸ್ತೆಯವರೆಗೆ ಬಿಡಲು ಹೋದಳು. ಆಟೋ ಬೇಡ, ಬಸ್ಸಿನಲ್ಲೇ ಹೋಗುತ್ತೇನೆಂದರು. ನಿಲ್ದಾಣದಲ್ಲಿ ಕೂರಲು ಜಾಗವಿರಲಿಲ್ಲ. ಕಂಬ ಹಿಡಿದು ನಿಂತರು.

"ಯಾಕಮ್ಮ ಹೇಳ್ದೆ? ಮುದುಕಿ ನೆಮ್ಮದಿಯಾಗಿ ಇರ್ತಿದ್ರು."

"ಅವ್ರು ಕೇಳಿದ್ರು ಸಾರ್."

ಅವರು ಕಂಬ ಬಿಟ್ಟು ಅವಳ ಕಡೆ ತಿರುಗಿದರು. "ನಂಗೆ ಗೊತ್ತಿತ್ತು ಅಂತ ಬರೆದು ಸಹಿ ಹಾಕ್ಕೊಡ್ತೀನಿ. ನಿಮ್ಮ ವರದೀಲಿ ಹಾಕ್ಕೋ. ಆ ಮನೆಯವರದ್ದು ತಪ್ಪಲ್ಲ, ನಂದು ಅಂತ ಹಾಕು." ಬಸ್ಸು ಬಂತು. ಕಂಡಕ್ಟರ್ ಕೈ ಕೊಟ್ಟು ಹತ್ತಿಸಿಕೊಂಡ.

ಹಾಗೆ ಹಾಕಲು ಸೇತುರಾಮ ಒಪ್ಪುತ್ತಾರೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಒಪ್ಪಿದರೂ ಅದು ಇನ್ನೊಂದು ಅಡಿಟಿಪ್ಪಣಿಯೇ ಆಗುತ್ತಿತ್ತು. ಬಿಸಿಲಿನಲ್ಲಿ ನಡೆದು ಮನೆಗೆ ಬಂದಳು.

ಅಪ್ಪ ಒಳಕೋಣೆಯ ಹೊಸಿಲ ಮೇಲೆ ಕೂತಿದ್ದ. ಒಳಗೆ ಅಜ್ಜಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅಮ್ಮ ಮಾಡಿದ ಕಾಫಿ ಪಕ್ಕದಲ್ಲಿ ಆರಿಹೋಗಿತ್ತು. ಸಂಘಮಿತ್ರಾ ಹೋಗಿ ಅಪ್ಪನ ಪಕ್ಕ ಕೂತಳು. ಅವನು ದನಿ ತಗ್ಗಿಸಿ ಕೇಳಿದ: "ಅವ್ಳನ್ನ ಎಲ್ಲಿ ಮಣ್ಣು ಮಾಡಿದ್ರಂತೆ, ಕೇಳಿದ್ಯಾ?"

ಅವಳು ಕೇಳಿರಲಿಲ್ಲ.

"ಕೆರೆ ಏರಿ ಕೆಳಗೆ" ಎಂದಳು ಸಪ್ಪಲಮ್ಮ, ತಿರುಗದೆಯೇ. "ಅಲ್ಲಿ ಈಗ ರೋಡ್ ಆಗೈತೆ."

ಯಾವ ರಸ್ತೆಯೆಂದು ದೇವರಾಜ್ ಕೇಳಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅವನು ದಿನವೂ ಬ್ಯಾಂಕಿಗೆ ಹೋಗಿ ಬರುತ್ತಿದ್ದದ್ದು ಅದೇ ದಾರಿಯಲ್ಲಿ.